ಚಿಕ್ಕವ್ವ



ಇವತ್ತು ರಾಜಕೀಯ ಇಲ್ಲ. ಪ್ಯಾನಲ್ ಇಲ್ಲ. ನಾಲ್ಕು ಕಿಟಕಿಯಲ್ಲಿ ನಾಲ್ಕು ಜನ ಕೂತು ಏಕಕಾಲಕ್ಕೆ ಕೂಗಾಡೋದೂ ಇಲ್ಲ. ಇವತ್ತು ನಾನು ಮಾತಾಡೋಕೆ ಹೊರಟಿರೋದು ಬೆಕ್ಕಿನ ಬಗ್ಗೆ. ಹೌದು, ಸರಿಯಾಗೇ ಕೇಳಿಸ್ಕೊಂಡ್ರಿ. ಬೆಕ್ಕು. "ಸಾರ್, ಪ್ರೈಮ್ ಟೈಮಲ್ಲಿ ಬೆಕ್ಕಾ?" ಅಂತ ನಮ್ಮ ಪ್ರೊಡ್ಯೂಸರ್ ಈಗಲೂ ನನ್ನ ಇಯರ್‌ಪೀಸ್‌ನಲ್ಲಿ ಗೊಣಗ್ತಾ ಇದ್ದಾರೆ. ಅವರಿಗೆ ನಾನು ಹೇಳಿದ್ದು ಇಷ್ಟೇ. ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ದಿನಾ ರಾತ್ರಿ ಕೇಳ್ತೀವಲ್ಲ, ಒಂದು ದಿನ ಬೆಕ್ಕಿನ ಕಥೆಯನ್ನೂ ಕೇಳೋಣ.

ನಮ್ಮೂರು ಕೊಳ್ಳೇಗಾಲ. ಈ ಹೆಸರು ಹೇಳಿದ ತಕ್ಷಣ ಬೆಂಗಳೂರಿನಲ್ಲಿ ಎರಡು ಥರದ ಪ್ರತಿಕ್ರಿಯೆ ಬರುತ್ತೆ. ಹೆಂಗಸರು "ಓ, ರೇಷ್ಮೆ ಸೀರೆ" ಅಂತಾರೆ. ಗಂಡಸರು ಒಂದು ಹೆಜ್ಜೆ ಹಿಂದೆ ಸರಿದು "ಮಾಟ ಗೀಟ ಗೊತ್ತೇನ್ರೀ?" ಅಂತಾರೆ. ಕಾಲೇಜಿನ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವನು ಮೊದಲ ಸೆಮಿಸ್ಟರ್ ಪೂರ್ತಿ ತನ್ನ ಬಾಚಣಿಗೆಯನ್ನು ಬೀಗ ಹಾಕಿ ಇಟ್ಟಿದ್ದ. ಕೂದಲು ಕದ್ದು ಏನಾದ್ರೂ ಮಾಡ್ತೀನಿ ಅಂತ. ಮಾಟ ಗೊತ್ತಿದ್ದಿದ್ರೆ ನಾನು ಮೆಕ್ಯಾನಿಕ್ಸ್ ಪೇಪರನ್ನ ಎರಡು ಸಲ ಯಾಕಪ್ಪಾ ಬರೀತಿದ್ದೆ?

ಇನ್ನು ಅಂಥ ಊರಲ್ಲಿ ಕರೀ ಬೆಕ್ಕು ಇದ್ರೆ ಕೇಳಬೇಕಾ. ಅಡ್ಡ ಬಂದ್ರೆ ಬೈಕ್ ನಿಲ್ಲುತ್ತೆ, ಆಟೋ ನಿಲ್ಲುತ್ತೆ, ಮದುವೆ ದಿಬ್ಬಣದ ಬಸ್ಸೂ ನಿಲ್ಲುತ್ತೆ. ಸಿಗ್ನಲ್‌ನಲ್ಲಿ ಕೆಂಪು ದೀಪಕ್ಕೆ ನಿಲ್ಲದ ಜನ ಬೆಕ್ಕಿಗೆ ನಿಲ್ತಾರೆ! ಹಾಗೆ ನೋಡಿದ್ರೆ ನಮ್ಮ ಜಿಲ್ಲೆಗೆ ಜಿಲ್ಲೆಯೇ ಬಹಳ ಕಾಲ ಕರೀ ಬೆಕ್ಕಾಗಿತ್ತು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳ್ಕೋತಾರೆ ಅನ್ನೋ ಮಾತು ನಿಮಗೆ ನೆನಪಿರಬೇಕು. ಒಬ್ಬರಲ್ಲ, ಹಲವರು ಆ ಕಡೆ ತಲೆ ಹಾಕಲಿಲ್ಲ. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯ ಒಂದು ಸಲ ಅಲ್ಲ, ಪದೇ ಪದೇ ಹೋದರು. ಪೂರ್ತಿ ಐದು ವರ್ಷ ಕುರ್ಚಿಯಲ್ಲೇ ಕೂತಿದ್ದರು. ಬೆಕ್ಕು ಅಡ್ಡ ಬಂದ್ರೆ ಏನರ್ಥ ಅಂದ್ರೆ, ಬೆಕ್ಕಿಗೆ ಆ ಕಡೆ ಏನೋ ಕೆಲಸ ಇದೆ ಅಂತ, ಅಷ್ಟೇ. ಇದನ್ನ ಹೇಳುವಾಗ ನಮ್ಮ ಚಾನೆಲ್‌ಗಳೂ ಬೆಕ್ಕು, ಗೂಬೆ, ಗ್ರಹಣ ಇಟ್ಕೊಂಡು ಎಷ್ಟು ಗಂಟೆ ಕಾರ್ಯಕ್ರಮ ಮಾಡಿದ್ದೀವಿ ಅನ್ನೋದು ನನಗೆ ಗೊತ್ತಿದೆ. ಕ್ಷಮೆ ಇರಲಿ.

ಈಗ ನಮ್ಮನೆ ವಿಷಯಕ್ಕೆ ಬರ್ತೀನಿ. ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಅವ್ವ ಒಬ್ಬಳೇ. ಒಬ್ಬಳೇ ಅಂದ್ರೆ ಅವಳಿಗೆ ಸಿಟ್ಟು ಬರುತ್ತೆ. ಯಾಕಂದ್ರೆ ಅಲ್ಲೊಂದು ಬೆಕ್ಕಿತ್ತು. ಇತ್ತು ಅಂದೆ. ಇದೆ ಅಂತ ಯಾಕೆ ಅನ್ನಲಿಲ್ಲ ಅನ್ನೋದನ್ನ ಆಮೇಲೆ ಹೇಳ್ತೀನಿ. ಇದು ನಮ್ಮ ಟಿವಿಯವರ ಹಳೇ ಚಾಳಿ, ಬ್ರೇಕ್ ಆದ್ಮೇಲೆ ಹೇಳ್ತೀವಿ ಅಂತ ಕೂರಿಸೋದು. ಆದ್ರೆ ಇವತ್ತು ನಿಜವಾಗ್ಲೂ ಮೊದಲೇ ಹೇಳೋಕೆ ನನಗೆ ಧೈರ್ಯ ಇಲ್ಲ.

ಆ ಬೆಕ್ಕಿನ ಹೆಸರು ಚಿಕ್ಕವ್ವ. ಬೆಕ್ಕು ಹುಲಿಗೆ ಚಿಕ್ಕಮ್ಮ ಆಗಬೇಕು ಅಂತ ಅಜ್ಜಿಯರು ಹೇಳೋ ಕಥೆ ಕೇಳಿರ್ತೀರಿ. ಹೊಂಚು ಹಾಕೋದು, ನೆಗೆಯೋದು, ಸದ್ದಿಲ್ಲದೆ ನಡೆಯೋದು, ಎಲ್ಲಾ ವಿದ್ಯೆಯನ್ನೂ ಚಿಕ್ಕಮ್ಮನೇ ಹುಲಿಗೆ ಕಲಿಸಿದ್ಲಂತೆ. ಕಲಿತು ಮುಗಿದ ದಿನ ಶಿಷ್ಯ ಗುರುವನ್ನೇ ತಿನ್ನೋಕೆ ಬಂದ. ಚಿಕ್ಕಮ್ಮ ಸರ್ರನೆ ಮರ ಹತ್ತಿ ಕೂತಳು. ಆ ಒಂದು ಪಾಠವನ್ನ ಅವಳು ಬೇಕಂತಲೇ ಬಿಟ್ಟಿದ್ಲು. ಅದಕ್ಕೇ ಅವ್ವ ನಮ್ಮ ಬೆಕ್ಕಿಗೆ ಮರ್ಯಾದೆಯಿಂದ ಚಿಕ್ಕವ್ವ ಅಂತ ಹೆಸರಿಟ್ಟಳು.

ಆ ಹೆಸರಿನಿಂದ ಆದ ಅನಾಹುತ ಒಂದೆರಡಲ್ಲ. ಗ್ಯಾಸ್ ಸಿಲಿಂಡರ್ ತರೋ ಹುಡುಗ ಬಂದಾಗಲೆಲ್ಲ ಅವ್ವ "ಮೆಲ್ಲಗೆ ಇಡಪ್ಪ, ಚಿಕ್ಕವ್ವ ಮಲಗವಳೆ" ಅನ್ನೋಳು. ಆ ಹುಡುಗ ಒಂದು ವರ್ಷ ಸಿಲಿಂಡರನ್ನ ಮಗು ಥರ ಎತ್ತಿಕೊಂಡು ತುದಿಗಾಲಲ್ಲಿ ನಡೆದ. ಕೊನೆಗೊಂದು ದಿನ ತಡೀಲಾರದೆ ಕೇಳಿದ. "ಅವ್ರನ್ನ ಡಾಕ್ಟ್ರಿಗೆ ತೋರ್ಸುದ್ರಾ? ಯಾವಾಗ್ ಬಂದ್ರೂ ಮಲಗೇ ಇರ್ತಾರಲ್ಲ!"

ಇನ್ನೊಂದು ದಿನ ನಮ್ಮ ನ್ಯೂಸ್‌ರೂಮಿಗೆ ಅವ್ವನ ಫೋನ್ ಬಂತು. ಸ್ಪೀಕರ್ ಆನ್ ಆಗಿತ್ತು. "ಚಿಕ್ಕವ್ವ ನೆನ್ನೆ ರಾತ್ರಿಯಿಂದ ಮನೆಗೇ ಬಂದಿಲ್ಲ ಕನಪ್ಪ." ಪಕ್ಕದಲ್ಲಿದ್ದ ಕ್ರೈಂ ರಿಪೋರ್ಟರ್ ತಕ್ಷಣ ಪೆನ್ನು ತೆಗೆದ. "ಸಾರ್, ವಯಸ್ಸೆಷ್ಟು?" "ಮೂರು ವರ್ಷ." ಅವನು ನನ್ನ ಮುಖ ನೋಡಿದ. "ಕೊನೇ ಸಲ ಎಲ್ಲಿ ಕಂಡಿದ್ದು?" "ಪಕ್ಕದ ಮನೆ ಹೆಂಚಿನ ಮೇಲೆ." ಅವನು ಪೆನ್ನು ಮುಚ್ಚಿ ಜೇಬಿಗಿಟ್ಟುಕೊಂಡ.

ಬೆಕ್ಕು ಅನ್ನೋದೇ ಹಾಗೆ. ದಿನಕ್ಕೆ ಹನ್ನೆರಡರಿಂದ ಹದಿನಾರು ಗಂಟೆ ನಿದ್ದೆ. ಉಳಿದ ಸಮಯದಲ್ಲಿ ಅರ್ಧ ಮೈ ನೆಕ್ಕೋಕೆ, ಇನ್ನರ್ಧ ನಮ್ಮನ್ನ ತಾತ್ಸಾರವಾಗಿ ನೋಡೋಕೆ. ನಾನು ಬೆಂಗಳೂರಿನಿಂದ ಚಿಕ್ಕವ್ವನಿಗೆ ಅಂತ ಮೆತ್ತನೆಯ ಹಾಸಿಗೆ ತರಿಸಿದೆ. ಸಾವಿರದ ಇನ್ನೂರು ರೂಪಾಯಿ. ಅವಳು ಅದನ್ನ ಸುತ್ತು ಹಾಕಿ ಮೂಸಿ ನೋಡಿ, ಹಾಸಿಗೆ ಬಂದಿದ್ದ ರಟ್ಟಿನ ಡಬ್ಬದೊಳಗೆ ಹೋಗಿ ಮಲಗಿದಳು. ಹಾಸಿಗೆಯಲ್ಲಿ ಈಗ ಅವ್ವನ ಬೆಳ್ಳುಳ್ಳಿ ಇದೆ.

ಮುದ್ದೆ ಉಪ್ಸಾರು ಮಾಡಿದ ದಿನ ಚಿಕ್ಕವ್ವ ಅಡುಗೆಮನೆ ಕಡೆ ಬರ್ತಿರಲಿಲ್ಲ. ಯುಗಾದಿ ದಿನ ಒಬ್ಬಟ್ಟನ್ನ ಮೂಸಿ ತಲೆ ಕೊಡವಿ ಹೋಗೋಳು. ಮಾರನೇ ದಿನ ಹೊಸತೊಡಕಿಗೆ ಮಾಂಸದ ಪಾತ್ರೆ ಒಲೆ ಮೇಲೆ ಕೂತರೆ ಬೆಳಗ್ಗೆಯಿಂದಲೇ ಒಲೆ ಪಕ್ಕ ಹಾಜರು. ಒಬ್ಬಟ್ಟು ಬೇಡ ಅನ್ನೋದಕ್ಕೆ ವಿಜ್ಞಾನದಲ್ಲಿ ಕಾರಣ ಇದೆ. ಬೆಕ್ಕಿನ ನಾಲಿಗೆಗೆ ಸಿಹಿ ಗೊತ್ತಾಗೋದಿಲ್ಲ. ಸಿಹಿ ಗುರುತಿಸೋ ಒಂದು ಜೀನ್ ಅದರಲ್ಲಿ ಕೆಲಸ ಮಾಡಲ್ಲ ಅಂತ 2005ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು. ಬೇವು ಬೆಲ್ಲದಲ್ಲಿ ಬೆಲ್ಲವೇ ಇಲ್ಲದ ಬಾಳು ಅದು. ಈ ವಿಷಯ ಓದಿ ನಾನು ಬಹಳ ಬೀಗಿದ್ದೆ. ಈ ಮಾತು ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

ಹಾಗೇ ಹಾಲಿನ ಕಥೆ. ತೆನಾಲಿ ರಾಮಕೃಷ್ಣ ಬಿಸಿ ಹಾಲಿಟ್ಟು ಬೆಕ್ಕಿಗೆ ಹಾಲು ಅಂದ್ರೆ ಓಡೋ ಹಾಗೆ ಮಾಡಿದ ಅಂತ ನಗ್ತೀವಿ. ನಿಜ ಏನಂದ್ರೆ, ದೊಡ್ಡದಾದ ಮೇಲೆ ಬಹಳಷ್ಟು ಬೆಕ್ಕುಗಳಿಗೆ ಹಾಲು ಸರಿಯಾಗಿ ಅರಗೋದಿಲ್ಲ, ಹೊಟ್ಟೆ ಕೆಡುತ್ತೆ. ಮತ್ತೊಂದು ವಿಷಯ. ಬೆಳೆದ ಬೆಕ್ಕುಗಳು ಒಂದನ್ನೊಂದು ನೋಡಿ ಮಿಯಾಂವ್ ಅನ್ನೋದು ಬಹಳ ಅಪರೂಪ. ಮರಿ ತನ್ನ ತಾಯಿಗೆ ಅನ್ನುತ್ತೆ. ದೊಡ್ಡದು ಮನುಷ್ಯರಿಗೆ ಅನ್ನುತ್ತೆ. ಅಂದ್ರೆ ಆ ಮಾತು ಅದು ನಮಗಾಗಿ ಉಳಿಸಿಕೊಂಡಿರೋದು. ಇದನ್ನ ಅವ್ವನಿಗೆ ಹೇಳಿದಾಗ ಅವಳು "ಅದುಕ್ ಯಾಕಪ್ಪ ವಿಜ್ಞಾನಿ ಬೇಕು, ನಂಗೊತ್ತಿಲ್ವಾ" ಅಂದಳು.

ಇಂಜಿನಿಯರಿಂಗ್ ಓದುವಾಗ ನಾನು ಫೇಲಾದ ಪೇಪರ್ ಹೇಳಿದ್ನಲ್ಲ, ಅದರಲ್ಲಿ ಕೋನೀಯ ಸಂವೇಗ ಅಂತೊಂದು ಪಾಠ. ಏನೂ ಹಿಡ್ಕೊಳ್ಳದೆ, ಏನನ್ನೂ ಒದೆಯದೆ ಗಾಳಿಯಲ್ಲಿ ತಿರುಗೋದು ಹೇಗೆ? ಫ್ರಾನ್ಸಿನ ಮಾರೆ ಅನ್ನೋ ವಿಜ್ಞಾನಿ 1894ರಲ್ಲಿ ಬೀಳೋ ಬೆಕ್ಕಿನ ಸರಣಿ ಫೋಟೋ ತೆಗೆದು ಜಗತ್ತಿಗೆ ತೋರಿಸಿದ. ಅದಕ್ಕೆ ತೃಪ್ತಿಕರವಾದ ಗಣಿತ ಸಿಕ್ಕಿದ್ದು 1969ರಲ್ಲಿ. ಬೆಕ್ಕು ಬೆನ್ನು ಬಗ್ಗಿಸಿ ಮುಂದಿನ ಅರ್ಧ, ಹಿಂದಿನ ಅರ್ಧವನ್ನ ಬೇರೆ ಬೇರೆಯಾಗಿ ತಿರುಗಿಸುತ್ತೆ. ನಮ್ಮ ಚಿಕ್ಕವ್ವ ಇದನ್ನ ದಿನಾ ಸಾಯಂಕಾಲ ಅಟ್ಟದಿಂದ ಅಕ್ಕಿ ಮೂಟೆ ಮೇಲೆ ಮಾಡಿ ತೋರಿಸೋಳು. ಅವಳೇನಾದ್ರೂ ಪರೀಕ್ಷೆಗೆ ಕೂತಿದ್ರೆ ಡಿಸ್ಟಿಂಕ್ಷನ್.

ಇನ್ನು ನನ್ನ ಕಾರ್ಯಕ್ರಮದ ಕಥೆ ಕೇಳಿ. ಅವ್ವ ದಿನಾ ನನ್ನನ್ನ ಟಿವಿಯಲ್ಲಿ ನೋಡ್ತಾಳೆ. ಟಿವಿ ಮುಂದಿನ ಸೆಟ್‌ಟಾಪ್ ಬಾಕ್ಸ್ ಬೆಚ್ಚಗಿರುತ್ತಲ್ಲ, ಚಿಕ್ಕವ್ವನ ಜಾಗ ಅದೇ. "ನಿನ್ ಮಾತು ಕೇಳ್ತು ಕನಪ್ಪ, ಮೊಕ ಕಾಣ್ನಿಲ್ಲ" ಅನ್ನೋಳು ಅವ್ವ. ಬೆಕ್ಕಿನ ಒಂದೊಂದು ಕಿವಿಯಲ್ಲೂ ಮೂವತ್ತಕ್ಕೂ ಹೆಚ್ಚು ಸ್ನಾಯುಗಳಿವೆ, ಬೇಕಾದ ಕಡೆ ತಿರುಗಿಸುತ್ತೆ. ನಾನು ದನಿ ಏರಿಸಿದ ತಕ್ಷಣ ಚಿಕ್ಕವ್ವ ಎರಡೂ ಕಿವಿಯನ್ನ ಹಿಂದಕ್ಕೆ ತಿರುಗಿಸೋಳಂತೆ. ನೀವು ರಿಮೋಟಿನಲ್ಲಿ ಮಾಡೋ ಕೆಲಸವನ್ನ ಅವಳು ಕಿವಿಯಲ್ಲೇ ಮಾಡ್ತಿದ್ಲು.

ಮನೆಯಲ್ಲಿ ಅಪ್ಪನದೊಂದು ಬೆತ್ತದ ಕುರ್ಚಿ ಇದೆ. ಅಪ್ಪ ತೀರಿಕೊಂಡ ಮೇಲೆ ಅದರಲ್ಲಿ ಯಾರೂ ಕೂರಲಿಲ್ಲ. ಕೂರಬೇಡಿ ಅಂತ ಯಾರೂ ಹೇಳಿರಲಿಲ್ಲ, ಆದ್ರೂ ಯಾರೂ ಕೂರಲಿಲ್ಲ. ಬಂದ ನೆಂಟರು ನೆಲದ ಮೇಲೆ ಚಾಪೆ ಹಾಸಿ ಕೂರೋರು. ಬೀದಿಯಿಂದ ಮರಿಯಾಗಿ ಬಂದ ಚಿಕ್ಕವ್ವ ಮೂರನೇ ದಿನಕ್ಕೆ ಆ ಕುರ್ಚಿ ಹತ್ತಿ ಸುರುಳಿ ಸುತ್ತಿ ಮಲಗಿದಳು. ನಾನು ಓಡಿಸೋಕೆ ಹೋದೆ. ಅವ್ವ ಕೈ ಹಿಡಿದು ನಿಲ್ಲಿಸಿದಳು. "ಇರ್ಲಿ ಬುಡು. ಕುರ್ಚಿ ಖಾಲಿ ಇದ್ರೆ ನೋಡಕ್ಕಾಗಲ್ಲ."

ಇಲ್ಲಿಂದ ಸ್ವಲ್ಪ ಯಳಂದೂರಿಗೆ ಹೋಗೋಣ. ಅರ್ಧ ಗಂಟೆ ದಾರಿ. ಅಲ್ಲಿ ನಮ್ಮ ಸೋದರತ್ತೆ ಇದ್ದಾರೆ. ಅವರಿಗೂ ಒಂದು ಗಂಡು ಬೆಕ್ಕು. ಅತ್ತೆ ಮನೆಯಲ್ಲಿ ಮಾಂಸ ಮಾಡೋದಿಲ್ಲ. "ನಮ್ದು ಮೊಸರನ್ನ ಬಿಟ್ರೆ ಏನೂ ತಿನ್ನಲ್ಲ, ಬಲು ಆಚಾರ" ಅಂತ ಅವರು ಎಲ್ಲರ ಹತ್ತಿರ ಹೇಳ್ಕೊಂಡು ತಿರುಗೋರು. ಒಂದು ದಿನ ಹಿಂದಿನ ಬೀದಿಯವರೊಬ್ಬರು ಬಂದರು. "ನಿಮ್ಮನೆ ಹತ್ರ ನಮ್ಮ ಬೆಕ್ಕೇನಾದ್ರೂ ಬಂದಿತ್ತಾ? ಮೀನು ತಂದಿವ್ನಿ, ಕಾಣ್ತಾನೇ ಇಲ್ಲ." ಗುರುತು ಕೇಳಿದ್ರೆ, ಅದೇ ಬೆಕ್ಕು! ಅಲ್ಲಿ ಅದಕ್ಕೆ ಬೇರೆ ಹೆಸರು, ಬೇರೆ ತಟ್ಟೆ, ಬೇರೆ ಧರ್ಮ. ಮೂರು ವರ್ಷದಿಂದ ಎರಡು ಸಂಸಾರ ನಡೆಸ್ತಾ ಇತ್ತು. ಬೆಕ್ಕಿನ ಬಿಡಾರ ಬೇರೆ ಅಂತ ಗಾದೆ ಸುಮ್ನೆ ಹುಟ್ಟಿದ್ದಲ್ಲ.

ಅದಕ್ಕೇನೂ ನಾಚಿಕೆ ಇಲ್ಲ. ಯಾಕಿರಬೇಕು? ಬೆಕ್ಕಿಗೆ ಗಡಿ ಅನ್ನೋದೇ ಗೊತ್ತಿಲ್ಲ. 1956ರ ನವೆಂಬರ್ ತನಕ ನಮ್ಮ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರು, ಮೈಸೂರಿನದು. ಆಗಲೂ ಬೆಕ್ಕುಗಳು ಮದ್ರಾಸಿನ ಇಲಿ ಹಿಡಿದು ಮೈಸೂರಿನಲ್ಲಿ ತಿಂದಿರ್ತಾವೆ. ಗಡಿ, ಬೇಲಿ, ಆಚೆಮನೆ, ಈಚೆಮನೆ, ಇವೆಲ್ಲ ನಾವು ಹಾಕ್ಕೊಂಡಿದ್ದು. ಪ್ರಾಣಿಗಳು ಅದನ್ನ ಓದೋದಿಲ್ಲ.

ಬೆಕ್ಕು ಮನುಷ್ಯನ ಮನೆಗೆ ಬಂದಿದ್ದೇ ಇಲಿಯ ದೆಸೆಯಿಂದ. ಮನುಷ್ಯ ಬೇಸಾಯ ಕಲಿತ, ಕಾಳು ಕೂಡಿಟ್ಟ. ಕಾಳಿಗೆ ಇಲಿ ಬಂತು. ಇಲಿಗೆ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯದೊಂದು ಸಮಾಧಿ ಸಿಕ್ಕಿದೆ. ಅಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂಳಿದ್ದಾರೆ. ಅಷ್ಟು ಹಳೇ ಒಪ್ಪಂದ ಇದು. ನಾವು ಜಾಗ ಕೊಡ್ತೀವಿ, ನೀನು ಇಲಿ ನೋಡ್ಕೋ. ಸಹಿ ಇಲ್ಲ, ಛಾಪಾ ಕಾಗದ ಇಲ್ಲ.

ರೇಷ್ಮೆ ಸಾಕೋ ಊರಿಗೆ ಈ ಒಪ್ಪಂದದ ಬೆಲೆ ಚೆನ್ನಾಗಿ ಗೊತ್ತಿರುತ್ತೆ. ರೇಷ್ಮೆ ಹುಳು ಅಂದ್ರೆ ಇಲಿಗೆ ಹಬ್ಬದೂಟ. ಹುಳುವನ್ನೂ ತಿನ್ನುತ್ತೆ, ಗೂಡನ್ನೂ ಕೊರೆಯುತ್ತೆ. ಜಪಾನಿನಲ್ಲಿ ಹಿಂದೆ ರೇಷ್ಮೆ ಸಾಕೋರು ಬೆಕ್ಕು ಸಾಕೋರು. ಬೆಕ್ಕು ಸಿಗದವರು ಬೆಕ್ಕಿನ ಚಿತ್ರ ತಂದು ಹುಳು ಮನೆ ಗೋಡೆಗೆ ಅಂಟಿಸೋರು, ಇಲಿ ಹೆದರಲಿ ಅಂತ. ತಾಶಿರೋಜಿಮಾ ಅಂತ ಒಂದು ದ್ವೀಪದಲ್ಲಿ ರೇಷ್ಮೆಗಾಗಿ ಸಾಕಿದ ಬೆಕ್ಕುಗಳ ಸಂತತಿ ಬೆಳೆದು, ಇವತ್ತು ಅಲ್ಲಿ ಜನಕ್ಕಿಂತ ಬೆಕ್ಕುಗಳೇ ಜಾಸ್ತಿ. ರೇಷ್ಮೆ ಹೋಯ್ತು, ಬೆಕ್ಕು ಉಳೀತು.

ನಮ್ಮ ಕಡೆ ರೇಷ್ಮೆ ಸಾಕೋರಿಗೆ ಇನ್ನೊಂದು ವಿಷಯವೂ ಗೊತ್ತು. ಪಕ್ಕದ ಹೊಲದವನು ಬೇರೆ ಬೆಳೆಗೆ ಔಷಧಿ ಹೊಡೆದು, ಗಾಳಿಗೆ ಅದು ಇವನ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ ಮುಗೀತು. ಆ ಸೊಪ್ಪು ತಿಂದ ಹುಳು ಚಂದ್ರಂಕಿಗೆ ಹತ್ತೋದೇ ಇಲ್ಲ. ಹೊಡೆದವನಿಗೆ ಇವನ ಮೇಲೆ ದ್ವೇಷ ಇರಲಿಲ್ಲ, ಗುರಿಯೂ ಇವನಾಗಿರಲಿಲ್ಲ. ಆದ್ರೂ ಇವನ ಮನೆ ಹಾಳಾಯ್ತು.

ಇನ್ನು ಹನೂರು. ಇತ್ತೀಚಿನವರೆಗೂ ಅದು ಕೊಳ್ಳೇಗಾಲ ತಾಲ್ಲೂಕಿಗೇ ಸೇರಿತ್ತು. ಅಲ್ಲಿ ನಮ್ಮ ಮಾವನ ತೋಟ, ಕಾಡಿನ ಅಂಚು. ಅಲ್ಲಿಯ ಬೆಕ್ಕಿಗೆ ಪಟ್ಟಣದ ಬೆಕ್ಕಿನ ಸೋಮಾರಿತನ ಇಲ್ಲ. ಹೊತ್ತು ಮುಳುಗೋ ಮುಂಚೆ ಒಳಗೆ ಬಂದು ಬಿಡುತ್ತೆ, ಕರೆಯೋದೇ ಬೇಡ. ಯಾಕಂದ್ರೆ ಹೊರಗೆ ಚಿರತೆ ಓಡಾಡುತ್ತೆ. ಗುರುವನ್ನೇ ತಿನ್ನೋ ಶಿಷ್ಯರು ಅಲ್ಲಿ ಕಥೆಯಲ್ಲಿ ಇಲ್ಲ, ಹಿತ್ತಿಲಲ್ಲೇ ಇದ್ದಾರೆ.

ನಮ್ಮ ಮೂರೂ ತಾಲ್ಲೂಕಿನವರು ಹುಲಿಯ ನೆರೆಹೊರೆಯವರು. ಯಳಂದೂರಿನ ಪಕ್ಕ ಬಿಳಿಗಿರಿರಂಗನ ಬೆಟ್ಟ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯ್ತು. ಅಲ್ಲಿನ ಸೋಲಿಗರು ಹುಲಿವೀರಪ್ಪ ಅಂತ ಹುಲಿಯನ್ನ ದೇವರಾಗಿ ಪೂಜಿಸ್ತಾರೆ. ಈ ಕಡೆ ಹನೂರಿನಿಂದ ಮುಂದೆ ಮಲೆ ಮಹದೇಶ್ವರ ಬೆಟ್ಟ. ಮಾದಪ್ಪನ ವಾಹನವೇ ಹುಲಿ. ನಮ್ಮ ಕಡೆ ಯಾವ ಮನೆಗೆ ಹೋದ್ರೂ ಗೋಡೆ ಮೇಲೆ ಹುಲಿ ಏರಿ ಕೂತ ಮಾದಪ್ಪನ ಪಟ ಇದ್ದೇ ಇರುತ್ತೆ. ನಮ್ಮನೆಯಲ್ಲೂ ಇದೆ. ಅದರ ಕೆಳಗೇ ಅಪ್ಪನ ಕುರ್ಚಿ. ಮೇಲೆ ಹುಲಿ, ಕೆಳಗೆ ಹುಲಿಯ ಚಿಕ್ಕಮ್ಮ.

ಈಗ ಆಗಲೇ ಹೇಳದೆ ಬಿಟ್ಟ ಮಾತಿಗೆ ಬರ್ತೀನಿ.

ಈ ಸಲ ಯುಗಾದಿಗೆ ಊರಿಗೆ ಹೋಗಿದ್ದೆ. ಅಟ್ಟದ ಮೇಲೆ ಇಲಿ ಕಾಟ. ಅವ್ವನ ಮದುವೆಯ ರೇಷ್ಮೆ ಸೀರೆ, ಕೊಳ್ಳೇಗಾಲದಲ್ಲೇ ನೇಯ್ದಿದ್ದು, ಸೆರಗಿನ ಹತ್ತಿರ ಕಚ್ಚಿ ತೂತು ಮಾಡಿದ್ವು. ಚಿಕ್ಕವ್ವ ದಿನಕ್ಕೊಂದೋ ಎರಡೋ ಹಿಡೀತಿದ್ಲು. ನನಗೆ ಅದು ಸಾಲಲಿಲ್ಲ. ಇಂಜಿನಿಯರ್ ಅಲ್ವಾ, ಎಫಿಷಿಯೆನ್ಸಿ ಬೇಕು. ಅಂಗಡಿಯಿಂದ ಇಲಿ ಪಾಷಾಣದ ಬಿಲ್ಲೆ ತಂದೆ. ಅವ್ವ ಅಡ್ಡ ಬಂದಳು. "ಬ್ಯಾಡ ಕನಪ್ಪ. ಚಿಕ್ಕವ್ವ ಅವಳೆ." ನಾನು ನಕ್ಕೆ. "ಇದು ಸಿಹಿ ವಾಸನೆಯ ಕಾಳಿನ ಬಿಲ್ಲೆ ಅವ್ವ. ಬೆಕ್ಕಿಗೆ ಸಿಹಿನೇ ಗೊತ್ತಾಗಲ್ಲ, ಮುಟ್ಟೋದೂ ಇಲ್ಲ. ವಿಜ್ಞಾನಿಗಳು ಹೇಳಿದ್ದಾರೆ."

ನಾನು ಹೇಳಿದ್ದು ಸರಿಯಾಗಿತ್ತು. ಚಿಕ್ಕವ್ವ ಬಿಲ್ಲೆ ಮುಟ್ಟಲಿಲ್ಲ. ಬಿಲ್ಲೆ ತಿಂದಿದ್ದು ಇಲಿ. ಚಿಕ್ಕವ್ವ ತಿಂದಿದ್ದು ಇಲಿಯನ್ನ.

ಆ ಬಿಲ್ಲೆಯಲ್ಲಿದ್ದಿದ್ದು ಬ್ರೊಮಾಡಿಯೋಲೋನ್. ಅದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತೆ. ತಿಂದ ಇಲಿ ತಕ್ಷಣ ಸಾಯೋದಿಲ್ಲ, ಕೆಲವು ದಿನ ಬೇಕು. ಅಷ್ಟರಲ್ಲಿ ಅದು ಸುಸ್ತಾಗಿ, ಓಡಲಾರದೆ, ತೂರಾಡ್ತಾ ಇರುತ್ತೆ. ಬೆಕ್ಕಿಗೆ ಅದಕ್ಕಿಂತ ಸುಲಭದ ಬೇಟೆ ಬೇಕಾ? ವಿಷ ಇಲಿಯ ಪಿತ್ತಜನಕಾಂಗದಲ್ಲಿ ಹಾಗೇ ಕೂತಿರುತ್ತೆ. ನಾನು ಬೆಂಗಳೂರಿಗೆ ವಾಪಸ್ ಬಂದೆ. ಒಂದು ವಾರದ ಮೇಲೆ ಅವ್ವ ಫೋನ್ ಮಾಡಿ ಚಿಕ್ಕವ್ವ ಕುರ್ಚಿ ಬಿಟ್ಟು ಏಳ್ತಾ ಇಲ್ಲ ಅಂದಳು. "ಅವಳು ಯಾವಾಗ ಎದ್ದಿದ್ಲು?" ಅಂತ ನಾನೇ ತಮಾಷೆ ಮಾಡಿದೆ. ಮಾರನೇ ದಿನ ಮೂಗಿನಲ್ಲಿ ರಕ್ತ. ಒಸಡು ಬಿಳಿಚಿಕೊಂಡಿತ್ತು. ಅವ್ವ ಬೆತ್ತದ ಬುಟ್ಟಿಯಲ್ಲಿ ಹಳೇ ಸೀರೆ ಹಾಸಿ, ಆಟೋದಲ್ಲಿ ಪಶು ಆಸ್ಪತ್ರೆಗೆ ಒಯ್ದಳು. ಡಾಕ್ಟರ್ ನೋಡಿದ ತಕ್ಷಣ ಕೇಳಿದ್ದು ಒಂದೇ ಪ್ರಶ್ನೆ. "ಮನೇಲಿ ಇಲಿಗೆ ಏನಾದ್ರೂ ಇಟ್ಟಿದ್ರಾ?" ಇದಕ್ಕೆ ವಿಟಮಿನ್ ಕೆ-1 ಮದ್ದು. ಕೊಟ್ಟರು. ತಡವಾಗಿತ್ತು. ರಾತ್ರಿ ಹೋಗಿಬಿಟ್ಟಳು.

ಅವ್ವ ಹಿತ್ತಿಲ ನುಗ್ಗೆ ಮರದ ಕೆಳಗೆ ಹೂತಳು. ನನಗೆ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ವಾಸಿ ಇತ್ತು.

2025ರ ಜೂನ್ 26. ಹನೂರು ತಾಲ್ಲೂಕು, ಮಲೆ ಮಹದೇಶ್ವರ ವನ್ಯಜೀವಿಧಾಮ, ಹೂಗ್ಯಂ ವಲಯ. ಒಂದು ತಾಯಿ ಹುಲಿ, ನಾಲ್ಕು ಮರಿ, ಐದೂ ಸತ್ತು ಬಿದ್ದಿದ್ವು. ಹುಲಿ ಹಸುವನ್ನ ಕೊಂದಿತ್ತು. ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಮೂವರನ್ನ ಬಂಧಿಸಿದರು. ಆ ಸುದ್ದಿ ನಿಮಗೆ ಓದಿದ್ದು ನಾನೇ. ನೆನಪಿರಬಹುದು, ಆ ದಿನ ನಾನು ಮೇಜು ಗುದ್ದಿದ್ದೆ. "ವಿಷ ಇಡೋ ಕೈಗೆ ನಡುಕ ಬರಲಿಲ್ವಾ? ಮಾದಪ್ಪನ ನೆಲದಲ್ಲಿ ಹುಲಿಗೆ ವಿಷ ಹಾಕಿದವರು ಮನುಷ್ಯರಾ?" ಅಂತ ಕೂಗಿದ್ದೆ. ಹಿಂದೆ ಗ್ರಾಫಿಕ್ಸ್, ಕೆಂಪು ಅಕ್ಷರ, ಮ್ಯೂಸಿಕ್.

ಕಾರ್ಯಕ್ರಮ ಮುಗಿಸಿ ಹೊರಗೆ ಬಂದರೆ ಅವ್ವನ ಫೋನ್. "ಚೆನ್ನಾಗ್ ಕೇಳ್ದೆ ಕನಪ್ಪ," ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. "ನಮ್ಮನೇದನ್ನೂ ಒಂದ್ ಮಾತ್ ಹೇಳ್ಬೇಕಾಗಿತ್ತು."

ಅದಕ್ಕೇ ಇವತ್ತು ಹೇಳ್ತಾ ಇದ್ದೀನಿ.

ಎರಡೂ ಒಂದೇ ಅಂತ ನಾನು ಹೇಳೋದಿಲ್ಲ. ಅಲ್ಲಿ ನಡೆದಿದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಅದಕ್ಕೆ ನ್ಯಾಯಾಲಯ ಇದೆ. ನಾನು ಮಾಡಿದ್ದು ತಿಳಿವಳಿಕೆ ಇದೆ ಅನ್ನೋ ಜಂಬದ ದಡ್ಡತನ. ಹಾಗೇ, ಹಸು ಕಳ್ಕೊಂಡವನ ಸಂಕಟ ಸ್ಟುಡಿಯೋದ ಎ.ಸಿ.ಯಲ್ಲಿ ಕೂತ ನನಗೆ ಅರ್ಥ ಆಗೋದಿಲ್ಲ. ಕಾಡಂಚಿನಲ್ಲಿ ಒಂದು ಹಸು ಅಂದ್ರೆ ಮಗಳ ಶಾಲೆ ಫೀಸು, ಸೊಸೈಟಿ ಸಾಲದ ಕಂತು. ಪರಿಹಾರ ಕೊಡ್ತೀವಿ ಅನ್ನೋ ಸರ್ಕಾರ ಅದನ್ನ ಬೇಗ ಕೊಡಬೇಕು, ಅಲೆಸದೆ ಕೊಡಬೇಕು. ಇದನ್ನ ಈ ಕುರ್ಚಿಯಿಂದ ಗಟ್ಟಿಯಾಗೇ ಹೇಳ್ತೀನಿ.

ಆದ್ರೆ ವಿಷ ನಡೆಯೋ ದಾರಿ ಮಾತ್ರ ಎರಡು ಕಡೆಯೂ ಒಂದೇ. ಒಬ್ಬರಿಗೆ ಅಂತ ಇಡ್ತೀವಿ, ಇನ್ನೊಬ್ಬರ ಮನೆಗೆ ಹೋಗುತ್ತೆ. ಒಂದು ಹುಲಿಯ ಮೇಲಿನ ಸಿಟ್ಟು, ಹಸುವನ್ನ ಕೊಲ್ಲದ ನಾಲ್ಕು ಮರಿಗಳ ಹೊಟ್ಟೆಗೂ ಹೋಯ್ತು. ಹನೂರಿನವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಜನ ಹೋದರು. ಗುಡಿಯ ಸುತ್ತ ಕಾಗೆಗಳೂ ಸತ್ತು ಬಿದ್ದಿದ್ವು. ವಿಷಕ್ಕೆ ವಿಳಾಸ ಓದೋಕೆ ಬರೋದಿಲ್ಲ.

ಹಾಗಾಗಿ ಇಲಿ ಕಾಟ ಇರೋ ಮನೆಯವರಿಗೆ ನಾಲ್ಕು ಮಾತು. ಹಳೇ ಕಾಲದ ಇಲಿ ಬೋನು ಇವತ್ತೂ ಸಂತೆಯಲ್ಲಿ ಸಿಗುತ್ತೆ, ಕೆಲಸ ಮಾಡುತ್ತೆ. ಕಾಳನ್ನ ಮುಚ್ಚಳ ಇರೋ ಡ್ರಮ್ಮಿನಲ್ಲಿಡಿ, ಗೋಡೆ ಸಂದು, ಮೋರಿ ಬಾಯಿ ಮುಚ್ಚಿ. ಪಾಷಾಣ ಇಟ್ಟಿದ್ದೇ ಆದ್ರೆ ಪೊಟ್ಟಣದ ಮೇಲಿನ ವಿಷದ ಹೆಸರು ಇಟ್ಕೊಂಡಿರಿ, ಸತ್ತ ಇಲಿಯನ್ನ ಬೀದಿಗೆ ಎಸೆಯದೆ ಆಳವಾಗಿ ಹೂಳಿ. ಬೆಕ್ಕೋ ನಾಯಿಯೋ ಮಂಕಾದ್ರೆ "ಸೋಮಾರಿ" ಅಂತ ನಗಬೇಡಿ, ಒಸಡು ನೋಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಹೆಪ್ಪು ತಡೆಯೋ ವಿಷಕ್ಕೆ ಬೇಗ ಹೋದ್ರೆ ಮದ್ದಿದೆ. ಸತುವಿನ ಫಾಸ್ಫೈಡ್ ಅಂತ ಇನ್ನೊಂದು ಪಾಷಾಣ ಇದೆ, ಅದಕ್ಕೆ ನೇರ ಮದ್ದೇ ಇಲ್ಲ. ಮತ್ತೊಂದು, ಮೈ ಬಿಸಿ ಇದೆ ಅಂತ ನಮ್ಮ ಪ್ಯಾರಸಿಟಮಾಲ್ ಮಾತ್ರೆಯನ್ನ ಬೆಕ್ಕಿಗೆ ಹಾಕಬೇಡಿ. ಅದರ ಪಾಲಿಗೆ ಅದೂ ವಿಷ.

ಕಳೆದ ವಾರ ಊರಿಗೆ ಹೋಗಿದ್ದೆ. ಅವ್ವನ ಮನೆಗೆ ಮತ್ತೊಂದು ಮರಿ ಬಂದಿದೆ. ಯಳಂದೂರಿನ ಆ ಎರಡು ಸಂಸಾರದ ಮಹಾಶಯನದೇ ಸಂತಾನ ಇರಬೇಕು ಅಂತ ಅತ್ತೆಗೆ ಅನುಮಾನ, ಹಣೆ ಮೇಲಿನ ಬಿಳಿ ಮಚ್ಚೆ ಹಾಗೇ ಇದೆ. ನಾನು ಹತ್ತಿರ ಹೋದೆ. ಅದು ಬೆನ್ನು ಡೊಂಕು ಮಾಡಿ, ಮುಷ್ಟಿಯಷ್ಟಿರೋ ಮೈಯಲ್ಲಿ ಹುಲಿಯಷ್ಟು ಸಿಟ್ಟು ತೋರಿಸಿ ನನ್ನ ಮೇಲೆ ಬುಸ್ ಅಂತು. ಹೆಸರೇನು ಅಂತ ಕೇಳಿದೆ. ಅವ್ವ ಇನ್ನೂ ಇಟ್ಟಿಲ್ಲ ಅಂದಳು.

ಹೊರಡುವಾಗ ಬಾಗಿಲಿಗೆ ಬಂದು ನಿಂತಳು. "ಮುಂದಿನ್ ಸಲ ಬರುವಾಗ ಇಲಿಗೆ ಏನೂ ತರ್ಬೇಡ. ಇದುಕ್ಕೆ ಒಸಿ ಒಣಮೀನ್ ತತ್ತಾ." ಆಯ್ತು ಅವ್ವ ಅಂದೆ.

ನಾಳೆ ಮತ್ತೆ ರಾಜಕೀಯ. ನಮಸ್ಕಾರ.